ಗೋಡೆಯ ಮೇಲಿನ ತಾರೀಖು

ಚರಿತ್ರೆಯೆಂದೊಡನೆ ನಮ್ಮ ಕಣ್ಣು ಕಲ್ಲಿನ ಕಡೆಗೆ ಹೊರಳುತ್ತದೆ. ಚನ್ನಗಿರಿಯ ಕೋಟೆ, ಹೊನ್ನಾಳಿಯ ತುಂಗಭದ್ರೆಯ ದಡ, ನ್ಯಾಮತಿ ಸೀಮೆಯ ತೀರ್ಥರಾಮೇಶ್ವರ, ಜಗಳೂರಿನ ಬೋಳುಗುಡ್ಡಗಳು, ಇವುಗಳ ನಡುವೆ ನಡೆದಾಡುವ ಚರಿತ್ರೆಯ ವಿದ್ಯಾರ್ಥಿಯು ಶಾಸನವನ್ನು ಹುಡುಕುತ್ತಾನೆ, ವೀರಗಲ್ಲನ್ನು ಹುಡುಕುತ್ತಾನೆ. ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಬರಹವೂ ಇತ್ತು. ಬಾಗಿಲ ಚೌಕಟ್ಟಿನ ಪಕ್ಕದ ಮಣ್ಣಿನ ಗೋಡೆಯ ಮೇಲೆ ಒಂದು ಚೌಕ, ಅದರೊಳಗೆ ಮನೆಯ ಸಂಖ್ಯೆ, ತಾರೀಖು, ಅದರ ಮುಂದೊಂದು ಮೊಟಕಾದ ಸಹಿ. ಹದಿನೈದು ದಿನಕ್ಕೊಮ್ಮೆ ಅದರ ಕೆಳಗೆ ಮತ್ತೊಂದು ತಾರೀಖು. ಹಬ್ಬ ಬಂದು ಗೋಡೆಗೆ ಸುಣ್ಣ ಬಿದ್ದೊಡನೆ ಆ ಶಾಸನವೆಲ್ಲ ಅಳಿಸಿಹೋಗುತ್ತಿತ್ತು. ಬರೆದವನ ಹೆಸರನ್ನು ಯಾರೂ ಕೇಳಲಿಲ್ಲ. ಊರವರ ಬಾಯಲ್ಲಿ ಅವನು 'ಮಲೇರಿಯಾದವನು'. ಅವನಿಗಿಂತ ಮೊದಲು ಬಂದವನು 'ದಾಕು ಹಾಕುವವನು'. ಈಗ ಬರುತ್ತಿರುವವಳು 'ಆಶಾ'. ಇವರೆಲ್ಲರೂ ಸೇರಿ ನಡೆಸಿದ ಒಂದು ದೀರ್ಘ ಕಾಲ್ನಡಿಗೆಯ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ಉದ್ದೇಶ.

ಮೊದಲಿಗೆ ನಾಡಿನ ನೆಲೆಯನ್ನು ತಿಳಿದುಕೊಳ್ಳೋಣ. ಇಂದು ಈ ನಾಲ್ಕು ತಾಲ್ಲೂಕುಗಳೂ ದಾವಣಗೆರೆ ಜಿಲ್ಲೆಯವು. ಆದರೆ ಆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯಂತೂ ಹೊನ್ನಾಳಿಯ ಮಡಿಲಲ್ಲೇ ಇದ್ದು, 2017-18ರ ಸುಮಾರಿಗೆ ಪ್ರತ್ಯೇಕ ತಾಲ್ಲೂಕಾಯಿತು. ಹೀಗಾಗಿ ಈ ಸೀಮೆಯ ಆರೋಗ್ಯದ ಕತೆಯನ್ನು ಹೇಳಹೊರಟವರು ಒಮ್ಮೆ ಮಲೆನಾಡಿನ ಕತೆಗೂ ಒಮ್ಮೆ ಬಯಲುಸೀಮೆಯ ಕತೆಗೂ ಕಿವಿಗೊಡಬೇಕಾಗುತ್ತದೆ. ಪಡುವಣದಲ್ಲಿ ಕೂಡಲಿಯಿಂದ ಒಂದಾಗಿ ಹರಿದು ಬರುವ ತುಂಗಭದ್ರೆ. ನಡುವೆ ಶಾಂತವ್ವೆಯ ಹೆಸರಿನ ಕತೆಯನ್ನು ಹೊತ್ತು ಕಡಲಿನಂತೆ ಹರಡಿರುವ ಸೂಳೆಕೆರೆ. ಮೂಡಣದಲ್ಲಿ ಮಳೆಯನ್ನು ಕಾಯುತ್ತ ಕುಳಿತ ಜಗಳೂರು. ನೀರು ಇರುವಲ್ಲಿ ಒಂದು ರೋಗ, ನೀರು ಇಲ್ಲದಲ್ಲಿ ಇನ್ನೊಂದು ರೋಗ. ಈ ಸೀಮೆಯಲ್ಲಿ ಆರೋಗ್ಯ ಇಲಾಖೆಯ ಕೆಲಸವೆಂದರೆ ಬಹುಮಟ್ಟಿಗೆ ನೀರಿನ ಜಾಡನ್ನು ಹಿಡಿದು ನಡೆಯುವ ಕೆಲಸವೇ ಆಗಿದೆ.

ಸಿಡುಬಿನಿಂದ ಆರಂಭಿಸೋಣ. 1796ರಲ್ಲಿ ಇಂಗ್ಲೆಂಡಿನ ಜೆನ್ನರನು ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯುವ ಉಪಾಯವನ್ನು ಕಂಡುಕೊಂಡ. 1802ರಲ್ಲಿ ಅದು ಮುಂಬಯಿಗೆ ಬಂತು. ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ತಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಒಂದು ವರ್ಣಚಿತ್ರವಿದೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆಗೆ ಬೆರಳು ಮಾಡಿದ್ದಾಳೆ. ಅದು ದಾಕು ಹಾಕಿಸಿಕೊಂಡ ಜಾಗವೆಂದೂ, ಪ್ರಜೆಗಳಿಗೆ ಧೈರ್ಯ ತುಂಬಲು ಬರೆಸಿದ ಚಿತ್ರವದೆಂದೂ ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ವಾದಿಸಿದ್ದಾರೆ. ಅರಮನೆಯ ತೋಳಿಗೆ ಚಿತ್ರಕಾರ ದೊರೆತ. ಹಳ್ಳಿಯಿಂದ ಹಳ್ಳಿಗೆ ನಡೆದು ಸಾವಿರಾರು ತೋಳುಗಳನ್ನು ಗೀರಿದ ದಾಕಿನವನಿಗೆ ಯಾವ ಚಿತ್ರಕಾರನೂ ದೊರೆಯಲಿಲ್ಲ.

ಆ ದಾಕಿನವನ ಕೆಲಸ ಸುಲಭದ್ದಾಗಿರಲಿಲ್ಲ. ಸಿಡುಬು ನಮ್ಮವರಿಗೆ ಬರಿಯ ರೋಗವಾಗಿರಲಿಲ್ಲ, 'ಅಮ್ಮ' ಆಗಿತ್ತು. ಮನೆಗೆ ಬಂದ ಅಮ್ಮನನ್ನು ಬೇವಿನ ಸೊಪ್ಪಿನಿಂದ ತಣಿಸಿ ಮರ್ಯಾದೆಯಿಂದ ಕಳುಹಿಸಿಕೊಡುವುದು ಧರ್ಮ. ಅವಳು ಬಾರದಂತೆ ಬಾಗಿಲು ಹಾಕುವುದು ಅಪಚಾರ. ಇಂತಹ ನಂಬಿಕೆಯ ನಡುವೆ ಸೂಜಿಯನ್ನೋ ಸಣ್ಣ ಚೂರಿಯನ್ನೋ ಹಿಡಿದು ನಿಂತ ಮನುಷ್ಯ ಹಸುಗೂಸನ್ನು ಅತ್ತೂ ಅಳಿಸುತ್ತಾನೆ, ಜ್ವರವನ್ನೂ ಬರಿಸುತ್ತಾನೆ. ಅವನು ಬಂದ ಸುದ್ದಿ ತಿಳಿದೊಡನೆ ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುವುದು, ಹೊಲಕ್ಕೆ ಅಟ್ಟುವುದು ನಾಡಿನಲ್ಲೆಲ್ಲ ಇದ್ದ ವಾಡಿಕೆ. ಅವನು ವಾದಿಸಿ ಗೆಲ್ಲುವಂತಿರಲಿಲ್ಲ. ಪಟೇಲರ ಮನೆಯ ಮಗುವಿಗೆ ಮೊದಲು ದಾಕು ಹಾಕಿ, ವಾರದ ಮೇಲೆ ಬಂದು ಗಾಯ ಕಟ್ಟಿದೆಯೇ ಎಂದು ನೋಡಿ, ಒಂದು ಸುಗ್ಗಿಯಲ್ಲಿ ಆಗದ್ದನ್ನು ಮುಂದಿನ ಸುಗ್ಗಿಗೆ ಮಾಡುವ ತಾಳ್ಮೆಯೇ ಅವನ ಬಂಡವಾಳವಾಗಿತ್ತು.

1962ರಲ್ಲಿ ಭಾರತವು ಸಿಡುಬಿನ ನಿರ್ಮೂಲನಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಬಿಸಿಲಿಗೆ ಕೆಡದ ಒಣ ಲಸಿಕೆಯನ್ನು ತಯಾರಿಸಿದ ದೇಶದ ನಾಲ್ಕು ಸಂಸ್ಥೆಗಳಲ್ಲಿ ನಮ್ಮ ಬೆಳಗಾವಿಯದೂ ಒಂದು. ಆಮೇಲೆ ಬಂದದ್ದು ಕವಲೊಡೆದ ತುದಿಯ ಸೂಜಿ. ಅದನ್ನು ಬಳಸಲು ಹೆಚ್ಚಿನ ವಿದ್ಯೆ ಬೇಕಿರಲಿಲ್ಲ. 1973ರ ನಂತರ ಮನೆಮನೆ ಹುಡುಕುವ ಕ್ರಮ ಬಿಗಿಯಾಯಿತು. ಕೆಲಸಗಾರರು ಸಿಡುಬೆದ್ದ ಮಗುವಿನ ಚಿತ್ರಪಟವನ್ನು ಹಿಡಿದು, ಸಂತೆಯಲ್ಲಿ, ಶಾಲೆಯಲ್ಲಿ, ಬಸ್ಸು ನಿಲ್ಲುವಲ್ಲಿ "ಇಂಥದ್ದನ್ನು ಕಂಡಿರಾ?" ಎಂದು ಕೇಳಿದರು. ಕೊನೆಕೊನೆಗೆ, ಸಿಡುಬನ್ನು ತೋರಿಸಿಕೊಟ್ಟವರಿಗೆ ಸಾವಿರ ರೂಪಾಯಿಯ ಬಹುಮಾನವೆಂದು ಸಾರಲಾಯಿತು. 1975ರ ಮೇ ತಿಂಗಳ ಅನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ವಿಶ್ವವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮನುಷ್ಯಕುಲ ತಾನಾಗಿ ಪ್ರಯತ್ನಪಟ್ಟು ಭೂಮಿಯಿಂದ ಅಟ್ಟಿದ ಮೊದಲ ಮಾನವ ರೋಗ ಇದು. ಲಸಿಕೆಯ ಕೀರ್ತಿ ವಿಜ್ಞಾನಕ್ಕೆ ಸಲ್ಲಲಿ. ಆ ಲಸಿಕೆಯನ್ನು ತೋಳಿನವರೆಗೆ ಒಯ್ದ ಕಾಲುಗಳಿಗೆ ಸಲ್ಲಬೇಕಾದ ಪಾಲು ಇನ್ನೂ ಬಾಕಿಯಿದೆ.

ಇನ್ನು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಹಾಮಾರಿ 1898ರ ವೇಳೆಗೆ ಹುಬ್ಬಳ್ಳಿ, ಧಾರವಾಡಗಳನ್ನು ದಾಟಿ ರೈಲಿನೊಡನೆ ಬೆಂಗಳೂರನ್ನು ಮುಟ್ಟಿತು. ಆಗ ಸರ್ಕಾರ ಕಟ್ಟಳೆಗಳನ್ನು ಹೊರಡಿಸಿತು, ತಪಾಸಣೆ ನಡೆಸಿತು, ಮನೆಗಳನ್ನು ಖಾಲಿ ಮಾಡಿಸಿತು. ಹೊರಗಿನ ಅಧಿಕಾರಿ ಅಡುಗೆಮನೆಯವರೆಗೆ ನುಗ್ಗಿದ ಆ ದಿನಗಳಲ್ಲಿ ಆರೋಗ್ಯವೆಂದರೆ ಪೋಲೀಸರ ಕೆಲಸವೆಂಬ ಭಾವನೆ ಜನರಲ್ಲಿ ಬೇರೂರಿತು. ಆದರೆ ಜನ ತಾವೇ ಕಂಡುಕೊಂಡ ಒಂದು ವಿವೇಕವೂ ಇತ್ತು. ಇಲಿ ಬಿದ್ದರೆ ಊರು ಬಿಡು. ಮನೆಯಲ್ಲಿ ಸತ್ತ ಇಲಿ ಕಂಡೊಡನೆ ಹಳ್ಳಿಗೆ ಹಳ್ಳಿಯೇ ಹೊರಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿಯ ಮೈಯ ಚಿಗಟವೇ ರೋಗವನ್ನು ಹರಡುತ್ತದೆಂಬುದನ್ನು ವಿಜ್ಞಾನಿಗಳು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸುವುದಕ್ಕೆ ಮುನ್ನವೇ ನಮ್ಮ ರೈತ ಇಲಿಯ ಸಾವನ್ನು ಓದಲು ಕಲಿತಿದ್ದ.

ಇದೇ ಬಗೆಯ ಓದು ಇನ್ನೊಮ್ಮೆ ನಾಡಿಗೆ ನೆರವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಮನುಷ್ಯರಿಗೆ ಜ್ವರ ಬಂತು. ಹೊನ್ನಾಳಿ, ಚನ್ನಗಿರಿಗಳೂ ಆಗ ಅದೇ ಜಿಲ್ಲೆಯವು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಸನ್ನು ಗುರುತಿಸಿದರು. ಕಾಡಿನ ಉಣುಗು ಅದರ ವಾಹಕವೆಂದು ತೋರಿಸಿದರು. ಇಂದಿಗೂ 'ಮಂಗನ ಕಾಯಿಲೆ'ಯ ಮುನ್ಸೂಚನೆ ಬರುವುದು ದರಗು ತರಲು, ಸೌದೆ ತರಲು ಕಾಡಿಗೆ ಹೋದವರು "ಅಲ್ಲೊಂದು ಮಂಗ ಸತ್ತುಬಿದ್ದಿದೆ" ಎಂದು ಊರಿಗೆ ಬಂದು ಹೇಳಿದಾಗಲೇ. ಇಲಾಖೆಯ ಕೆಲಸಗಾರ ಆ ಮಾತನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡರೆ ಅದು ವಿಜ್ಞಾನವಾಗುತ್ತದೆ. ಕೇಳದಿದ್ದರೆ ಹರಟೆಯಾಗಿ ಉಳಿಯುತ್ತದೆ.

ಮಲೇರಿಯಾದ ಕತೆ ಹೆಚ್ಚು ದೀರ್ಘವಾದುದು, ಹೆಚ್ಚು ಪಾಠಗಳನ್ನುಳ್ಳದ್ದು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕಫೆಲರ್ ಪ್ರತಿಷ್ಠಾನದ ನೆರವಿನಿಂದ ತನ್ನ ಸಾರ್ವಜನಿಕ ಆರೋಗ್ಯದ ವ್ಯವಸ್ಥೆಯನ್ನು ಹೊಸದಾಗಿ ಕಟ್ಟತೊಡಗಿತು. ಮಲೇರಿಯಾದ ಅಧ್ಯಯನಕ್ಕೆ ಮಲೆನಾಡಿನ ಮೂಡಿಗೆರೆ, ನಾಲೆಯ ಸೀಮೆಯ ನಾಗೇನಹಳ್ಳಿ, ಒಣಬಯಲಿನ ಹಿರಿಯೂರು ಮೊದಲಾದೆಡೆ ಕೇಂದ್ರಗಳನ್ನು ತೆರೆಯಿತು. ಈ ಆಯ್ಕೆಯನ್ನು ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳ ಬಗೆಬಗೆಯ ನೆಲವೂ ಅದರಲ್ಲಿ ಅಡಗಿದಂತಿದೆ. ಬೆಟ್ಟದ ತೊರೆಗಳಲ್ಲಿ ಒಂದು ಜಾತಿಯ ಸೊಳ್ಳೆ, ಗದ್ದೆಯ ಕಾಲುವೆಗಳಲ್ಲಿ ಇನ್ನೊಂದು. ಮಕ್ಕಳ ಎಡಪಕ್ಕೆಯ ಕೆಳಗೆ ಕೈಯಿಟ್ಟು ಜ್ವರಗಡ್ಡೆಯನ್ನು ಎಣಿಸುವುದು ಅಂದಿನ ಸಮೀಕ್ಷೆಯ ವಿಧಾನ. ಸೊಳ್ಳೆಮರಿಯನ್ನು ತಿನ್ನುವ ಗ್ಯಾಂಬೂಸಿಯಾ ಮೀನನ್ನು ಬೆಂಗಳೂರಿನ ಡಾ. ಬಿ. ಎ. ರಾವ್ ಅವರು ಇಟಲಿಯಿಂದ ತರಿಸಿದ್ದು 1928ರಲ್ಲಿ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಚಳಿಜ್ವರದಿಂದ ನರಳುತ್ತಿದ್ದರೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜಿತ್ತು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದವು. ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುವ ತಂಡಗಳು ಬಂದವು. ಸಿಂಪಡಿಸಿದ ಬಿಳಿಯ ಕಲೆ ಗೃಹಿಣಿಗೆ ಹಿಡಿಸದು. ಹಬ್ಬ ಹತ್ತಿರವಾದರೆ ಅದರ ಮೇಲೆ ಸಗಣಿ ಸಾರಿಸಿಬಿಡುವಳು. ಅಲ್ಲಿಗೆ ಔಷಧಿಯ ಶಕ್ತಿ ಮುಗಿಯಿತು. ಅವಳ ಮನೆಯ ಅಚ್ಚುಕಟ್ಟು, ಇಲಾಖೆಯ ಅಚ್ಚುಕಟ್ಟು, ಇವೆರಡರ ನಡುವೆ ಸಂಧಾನ ಮಾಡಬೇಕಾದವನು ಪಂಪನ್ನು ಹೆಗಲಿಗೇರಿಸಿದ ಕೂಲಿಗಾರ. ಆಮೇಲೆ ಬಂದವನು ಗೋಡೆಯ ಮೇಲೆ ತಾರೀಖು ಬರೆಯುವವನು. ಸುಮಾರು ಹತ್ತು ಸಾವಿರ ಜನಕ್ಕೆ ಅವನೊಬ್ಬ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಮುಂದೆ ನಿಂತು ಯಾರಿಗಾದರೂ ಜ್ವರ ಬಂದಿತ್ತೆ, ಊರಿನಿಂದ ನೆಂಟರು ಬಂದಿದ್ದಾರೆಯೆ ಎಂದು ವಿಚಾರಿಸಬೇಕು. ಜ್ವರವಿದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಬೊಟ್ಟೊಂದನ್ನು ತೆಗೆದುಕೊಳ್ಳಬೇಕು, ಮಾತ್ರೆ ನುಂಗಿಸಬೇಕು.

ಈ ಬೇಸರದ ಕೆಲಸದ ಫಲವೇನು? 1961ರಲ್ಲಿ ಇಡೀ ದೇಶದಲ್ಲಿ ದಾಖಲಾದ ಮಲೇರಿಯಾ ರೋಗಿಗಳು ಸುಮಾರು 50 ಸಾವಿರ ಮಾತ್ರ. ಕೋಟಿಗಳಲ್ಲಿದ್ದದ್ದು ಸಾವಿರಗಳಿಗೆ ಇಳಿಯಿತು. ಗೆದ್ದೆವೆಂಬ ಭಾವನೆ ಹರಡಿತು. ಎಚ್ಚರಿಕೆ ಸಡಿಲವಾಯಿತು. ಡಿ.ಡಿ.ಟಿ. ಸಾಕಷ್ಟು ದೊರೆಯಲಿಲ್ಲ; ಸೊಳ್ಳೆಗಳೂ ಅದಕ್ಕೆ ಒಗ್ಗಿಕೊಂಡವು. ಮನೆಮನೆ ನಿಗಾವಣೆಯ ಕೆಲಸವನ್ನು ಅದನ್ನು ಹೊರಲು ಇನ್ನೂ ಸಿದ್ಧವಾಗಿರದ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೆ ವಹಿಸಲಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ದಾಟಿತು. ಅದೇ ಕಾಲಕ್ಕೆ ನಮ್ಮ ಸೀಮೆಯೂ ಬದಲಾಗುತ್ತಿತ್ತು. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಭದ್ರೆಯ ನಾಲೆಗಳು ಹರಿದು ಬಂದು ಚನ್ನಗಿರಿಯ ಕಡೆಯ ಒಣನೆಲವೆಷ್ಟೋ ಭತ್ತದ ಗದ್ದೆಯಾಯಿತು. ನೀರು ಬಂದಲ್ಲಿ ಅನ್ನ ಬಂತು. ನಿಂತ ನೀರನ್ನು ಕಾಯುವವನ ಅಗತ್ಯವೂ ಹೆಚ್ಚಿತು. ಆದರೆ ಗೆದ್ದ ಯುದ್ಧದ ಸೈನಿಕನನ್ನು ಮರೆಯುವುದು ಲೋಕದ ಪದ್ಧತಿ. ರೋಗ ಕಾಣದಿರುವುದೇ ಅವನ ಕೆಲಸದ ಸಾಕ್ಷಿ. ಕಾಣದ್ದಕ್ಕೆ ಹಣ ಮಂಜೂರು ಮಾಡುವುದು ಯಾವ ಸರ್ಕಾರಕ್ಕೂ ಕಷ್ಟವೇ.

ಇಲಾಖೆಗೆ ಸಂಬಳಕ್ಕೆಂದು ಬಂದವರು ಒಂದು ಬಗೆಯಾದರೆ, ಕಲಿಯಲೆಂದು ಬಂದವರು ಇನ್ನೊಂದು ಬಗೆ. 1946ರಲ್ಲಿ ವರದಿ ಸಲ್ಲಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿ, ವೈದ್ಯನಾಗುವವನು ಸಮಾಜವನ್ನೂ ಓದಬೇಕೆಂದು ಒತ್ತಿ ಹೇಳಿತು. ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆ ನೆಲೆಗೊಂಡದ್ದು ಆ ವರದಿಯಿಂದ. 1952ರ ಗಾಂಧೀ ಜಯಂತಿಯಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಅಂಥ ಕೇಂದ್ರಗಳು ಏಳತೊಡಗಿದವು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು, ದಾಕಿನವನು ಬೇರೆ, ಮಲೇರಿಯಾದವನು ಬೇರೆ, ಕುಟುಂಬ ಯೋಜನೆಯವಳು ಬೇರೆ ಎಂಬ ಪದ್ಧತಿಯನ್ನು ಬಿಟ್ಟು ಎಲ್ಲ ಕೆಲಸಕ್ಕೂ ಒಬ್ಬ ಗಂಡು, ಒಬ್ಬ ಹೆಣ್ಣು ಕಾರ್ಯಕರ್ತರಿರಲಿ ಎಂದಿತು. 1977ರಲ್ಲಿ ವೈದ್ಯಕೀಯ ಕಾಲೇಜುಗಳು ತಲಾ ಮೂರು ಬ್ಲಾಕುಗಳ ಆರೋಗ್ಯದ ಹೊಣೆಯನ್ನು ಹೊರಬೇಕೆಂಬ ಯೋಜನೆಯೂ ಬಂತು. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲೇ ಸ್ಥಾಪನೆಗೊಂಡಿತ್ತು. ಪದವಿಯ ಕೊನೆಯಲ್ಲಿ ವರ್ಷಪೂರ್ತಿ ದುಡಿದು ಕಲಿಯುವ ಯುವವೈದ್ಯರು ಅದರಲ್ಲಿ ಕೆಲವು ವಾರಗಳನ್ನು ಹಳ್ಳಿಯ ಕೇಂದ್ರದಲ್ಲಿ ಕಳೆಯುವುದು ಇಂದಿಗೂ ಕಡ್ಡಾಯ.

ಅಲ್ಲಿ ಅವರಿಗೆ ಪಾಠ ಹೇಳುವವರು ಯಾರು? ಗ್ರಂಥಗಳನ್ನು ಬರೆದ ಪ್ರಾಧ್ಯಾಪಕರಲ್ಲ. ಯಾವ ತಾಂಡಾದ ಜನ ಕಬ್ಬು ಕಡಿಯಲು ಎಂದು ಹೊರಡುತ್ತಾರೆ, ಯಾವ ಮನೆಯ ಬಸುರಿ ತವರಿಗೆ ಹೋಗಿದ್ದಾಳೆ, ಯಾವ ಬಾವಿಯ ಪಕ್ಕದಲ್ಲಿ ತಿಪ್ಪೆಯಿದೆ ಎಂಬುದನ್ನೆಲ್ಲ ಬಾಯಿಪಾಠವಾಗಿ ಬಲ್ಲ ಉಪಕೇಂದ್ರದ ಶುಶ್ರೂಷಕಿ. ಸೂರಗೊಂಡನಕೊಪ್ಪದ ಸೇವಾಲಾಲರ ಜಾತ್ರೆಗೆ ನಾಡಿನ ಮೂಲೆಮೂಲೆಯಿಂದ ಜನ ಸೇರುವಾಗ ಕುಡಿಯುವ ನೀರಿಗೆ ಕ್ಲೋರಿನ್ ಬೆರೆತಿದೆಯೆ ಎಂಬ ಪ್ರಶ್ನೆಗೆ ಶಸ್ತ್ರಚಿಕಿತ್ಸೆಯ ಪುಸ್ತಕದಲ್ಲಿ ಉತ್ತರವಿಲ್ಲ. ಹಳ್ಳಿಯ ವಾಸವನ್ನು ಶಿಕ್ಷೆಯೆಂದು ಎಣಿಸಿ ದಿನಗಳನ್ನು ಕಳೆದವರೂ ಇದ್ದಾರೆ. ಅಲ್ಲಿಯೇ ವೈದ್ಯವೃತ್ತಿಯ ಅರ್ಥವನ್ನು ಕಂಡುಕೊಂಡವರೂ ಇದ್ದಾರೆ.

ಮೂರನೆಯವರು ಸೇವೆಗೆಂದು ಬಂದವರು. ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನೆಂಬ ಯೋಜನೆಯನ್ನು ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನ. ಅವನು ಸಂಬಳದ ನೌಕರನೇ, ಊರಿನ ಸ್ವಯಂಸೇವಕನೇ ಎಂಬ ಜಗಳ ಅಂದೇ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅವನ ಹೆಸರನ್ನು 'ಕಾರ್ಯಕರ್ತ'ನಿಂದ 'ಸ್ವಯಂಸೇವಕ'ನಿಗೆ, ಅಲ್ಲಿಂದ 'ಆರೋಗ್ಯ ಮಾರ್ಗದರ್ಶಿ'ಗೆ ಬದಲಾಯಿಸಿದರು. ಹೆಸರು ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ 'ಆಶಾ' ಬಂದಳು. ಸುಮಾರು ಸಾವಿರ ಜನಕ್ಕೊಬ್ಬಳು, ಅದೇ ಊರಿನ ಸೊಸೆ. ಆಕೆಯನ್ನೂ ಸ್ವಯಂಸೇವಕಿ ಎಂದೇ ಕರೆದರು. ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಎಂಬ ಲೆಕ್ಕದ ಪ್ರೋತ್ಸಾಹಧನ.

ಅಪ್ಪಟ ಸ್ವಯಂಸೇವೆಗೆ ನಮ್ಮಲ್ಲಿ ಒಳ್ಳೆಯ ಪರಂಪರೆಯಿದೆ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ದಿನಗಳಲ್ಲಿ ಶಾಲೆಯ ಉಪಾಧ್ಯಾಯರು, ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಬಸ್ ನಿಲ್ದಾಣಗಳಲ್ಲಿ ಕುಳಿತು ಎಳೆಯ ಬಾಯಿಗಳಿಗೆ ಎರಡೆರಡು ಹನಿ ಹಾಕಿದರು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು. 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಪ್ರಮಾಣಿತವಾಯಿತು. ಆದರೆ ವರ್ಷಕ್ಕೆ ಎರಡು ಭಾನುವಾರ ಕೊಡುವ ಸೇವೆ ಬೇರೆ. ವರ್ಷದ ಎಲ್ಲ ದಿನವೂ, ನಡುರಾತ್ರಿಯ ಹೆರಿಗೆಗೂ ಓಡಬೇಕಾದ ದುಡಿಮೆ ಬೇರೆ. ಮೊದಲನೆಯದನ್ನು ಕೊಡುವವನಿಗೆ ಮನೆಯಲ್ಲಿ ಬೇರೊಂದು ಅನ್ನವಿರುತ್ತದೆ. ಎರಡನೆಯದನ್ನು ಮಾಡುವವಳಿಗೆ ಅದೇ ಅನ್ನ. 2020ರ ಮಹಾಮಾರಿಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಮನೆಮನೆಯ ಬಾಗಿಲು ತಟ್ಟಿದವಳು ಆಕೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಅದಕ್ಕೆ ಮೊದಲು 2020ರಲ್ಲಿಯೂ, ಆಮೇಲೆ 2025ರ ಜನವರಿಯಲ್ಲಿಯೂ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಸೇರಿ ನಿಶ್ಚಿತ ಗೌರವಧನವನ್ನು ಕೇಳಬೇಕಾಯಿತು. ಗೌರವ ಬೇಕಾದಷ್ಟು ದೊರೆತಿದೆ, ಧನದ್ದೇ ಚಿಂತೆ ಎಂಬಂತಾಗಿದೆ ಗೌರವಧನದ ಕತೆ. ಸೇವೆ ಎಂಬ ಪವಿತ್ರವಾದ ಮಾತನ್ನು ಕೂಲಿಯನ್ನು ಕಡಿಮೆ ಮಾಡುವ ಉಪಾಯವಾಗಿ ಬಳಸಿದರೆ ಆ ಮಾತೇ ಸವೆದುಹೋಗುತ್ತದೆ.

ಕೊನೆಯದಾಗಿ ಜಗಳೂರು. ಅಲ್ಲಿನ ಕಾರ್ಯಕರ್ತೆ ಎದುರಿಸುವ ರೋಗ ಸೊಳ್ಳೆಯದಲ್ಲ, ಕೀಟಾಣುವಿನದಲ್ಲ, ಕಲ್ಲಿನದು. ಮಳೆ ಕಡಿಮೆಯಾಗಿ ಕೊಳವೆ ಬಾವಿಗಳು ಆಳಕ್ಕಿಳಿದಂತೆ, ಬಂಡೆಯೊಳಗಿನ ಫ್ಲೋರೈಡ್ ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮು ದಾಟಿದರೆ ಕುಡಿಯಲು ಯೋಗ್ಯವಲ್ಲ. ಎಳೆಯ ವಯಸ್ಸಿನಲ್ಲಿ ಇಂಥ ನೀರು ಕುಡಿದ ಮಗುವಿನ ಹಲ್ಲು ಕಂದುತ್ತದೆ. ದಶಕಗಳ ಕಾಲ ಕುಡಿದವನ ಬೆನ್ನು, ಕೀಲು ಸೆಟೆದುಕೊಳ್ಳುತ್ತದೆ. ಭಾರತದಲ್ಲಿ ಈ ರೋಗವನ್ನು ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಕಂದಿದ ಹಲ್ಲನ್ನು ಬೆಳ್ಳಗೆ ಮಾಡುವ ಗುಳಿಗೆಯಿಲ್ಲ, ಸೆಟೆದ ಬೆನ್ನನ್ನು ಬಾಗಿಸುವ ಚುಚ್ಚುಮದ್ದಿಲ್ಲ. ಕಾರ್ಯಕರ್ತೆ ಶಾಲೆಯ ಮಕ್ಕಳ ಬಾಯಿ ತೆರೆಸಿ ನೋಡಬಲ್ಲಳು, ಎಣಿಸಬಲ್ಲಳು, ಬರೆಯಬಲ್ಲಳು. ಔಷಧಿ ಇರುವುದು ಎಂಜಿನಿಯರರ ಕೈಯಲ್ಲಿ, ನೀರಿನಲ್ಲಿ. ತುಂಗಭದ್ರೆಯ ನೀರನ್ನು ಜಗಳೂರಿನ 57 ಕೆರೆಗಳಿಗೆ ಏರಿಸುವ ಯೋಜನೆಯನ್ನು ರೈತರು ಬೇಸಾಯದ ಕಣ್ಣಿನಿಂದ ನೋಡುವುದು ಸಹಜ. ಆದರೆ ಹೊನ್ನಾಳಿಯ ಪಕ್ಕದಲ್ಲಿ ಹರಿದ ಹೊಳೆ ಜಗಳೂರಿನ ಕೆರೆಯನ್ನು ಸೇರುವುದು ಆರೋಗ್ಯದ ಚರಿತ್ರೆಯಲ್ಲಿಯೂ ಬರೆದಿಡಬೇಕಾದ ಸಂಗತಿ.

ಬರೆದಿಡುವ ಮಾತು ಬಂದದ್ದರಿಂದ ಒಂದು ಸೂಚನೆಯೊಡನೆ ಮುಗಿಸುತ್ತೇನೆ. ಜಿಲ್ಲೆಗಳು ಒಡೆದಾಗ, ತಾಲ್ಲೂಕುಗಳು ಹುಟ್ಟಿದಾಗ ಮೊದಲು ಕಳೆದುಹೋಗುವುದು ಹಳೆಯ ಪುಸ್ತಕಗಳು. ಜನನ ಮರಣದ ದಫ್ತರ, ದಾಕಿನ ಪಟ್ಟಿ, ಹೆರಿಗೆಯ ವಹಿ, ಇವು ಯಾವ ರಾಜನ ಶಾಸನಕ್ಕಿಂತಲೂ ಹೆಚ್ಚು ಸತ್ಯವಾಗಿ ಒಂದು ಊರು ಹೇಗೆ ಬದುಕಿತೆಂಬುದನ್ನು ಹೇಳಬಲ್ಲವು. ಸುಣ್ಣದ ಕೆಳಗೆ ಮುಚ್ಚಿಹೋದ ತಾರೀಖುಗಳನ್ನು ಮರಳಿ ಪಡೆಯಲಾಗದು. ಆದರೆ ಅವುಗಳನ್ನು ಬರೆದ ಕೈಗಳಲ್ಲಿ ಕೆಲವು ಇನ್ನೂ ನಮ್ಮ ನಡುವೆ ಇವೆ. ನಿವೃತ್ತರಾಗಿ ಜಗಲಿಯ ಮೇಲೆ ಕುಳಿತ ಆರೋಗ್ಯ ಸಹಾಯಕರಿದ್ದಾರೆ, ನೂರಾರು ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡ ಶುಶ್ರೂಷಕಿಯರಿದ್ದಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಅವರ ಬಳಿ ಕುಳಿತು, ಯಾವ ಊರಿಗೆ ಹೇಗೆ ನಡೆದಿರಿ, ಯಾರು ಬಾಗಿಲು ತೆರೆದರು, ಯಾರು ತೆರೆಯಲಿಲ್ಲ ಎಂದು ಕೇಳಿ ಬರೆದುಕೊಳ್ಳಲಿ. ಅದು ಚರಿತ್ರೆಗೆ ಸಲ್ಲುವ ಸೇವೆ. ಇಂದು ಅದೇ ಬಾಗಿಲುಗಳನ್ನು ತಟ್ಟುತ್ತಿರುವವಳಿಗೆ ಏನು ಸಲ್ಲಬೇಕೆಂಬುದನ್ನು ತಿಳಿಯುವುದಕ್ಕೂ ಆ ಬರಹ ನೆರವಾದೀತು.